5 ತಿಂಗಳ ಮಗುವಿನ ಜೊತೆ 14 ಗಂಟೆಯ ವಿಮಾನ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ನನ್ನ ಮಗಳಿಗೆ ಈಗ 5 ತಿಂಗಳು. ಇನ್ನು ಮೂರು ವಾರಕ್ಕೆ ಅವಳನ್ನು ಕರೆದುಕೊಂಡು ನಾನೊಬ್ಬಳೇ ವಿಮಾನದಲ್ಲಿ ಹೋಗಬೇಕು. ಮೊದಲು 5 ಗಂಟೆಯ ಒಂದು ಹಾರಾಟ, ನಡುವೆ 3 ಗಂಟೆ ಕಾಯುವುದು, ಆಮೇಲೆ 14 ಗಂಟೆಯ ಇನ್ನೊಂದು. ಎದೆಹಾಲಿನ ಜೊತೆ ದಿನಕ್ಕೆ ಒಂದೆರಡು ಸಲ ಫಾರ್ಮುಲಾ ಹಾಲನ್ನೂ ಕುಡಿಯುತ್ತಾಳೆ. ಅವಳಿಗೆ ಕಿವಿ ನೋವಾದರೆ ಏನು ಮಾಡಲಿ? ಪರಿಚಯದವರೊಬ್ಬರು, "ಶೀತದ ಸಿರಪ್ ಒಂದು ಚಮಚ ಕುಡಿಸಿ, ಇಳಿಯುವ ತನಕ ಏಳೋದೇ ಇಲ್ಲ" ಅಂದರು. ಕೊಡಬಹುದಾ? ಇಡೀ ದಾರಿ ಅಳುತ್ತಿದ್ದರೆ ಸುತ್ತಮುತ್ತ ಕೂತವರು ಏನಂದುಕೊಳ್ಳುತ್ತಾರೋ ಅಂತ ನೆನೆದರೇ ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ಸಿರಪ್ ವಿಷಯವನ್ನು ಮೊದಲು ಮುಗಿಸಿಬಿಡೋಣ. ಕೊಡಬೇಡಿ. ಅರ್ಧ ಚಮಚವೂ ಬೇಡ, "ಒಂದೇ ಒಂದ್ಸಲ" ಅಂತಲೂ ಬೇಡ.

ಶೀತ, ಅಲರ್ಜಿಗೆ ಅಂತ ಸಿಗುವ ಹಳೇ ಬಗೆಯ ಸಿರಪ್‌ಗಳಲ್ಲಿ ಡೈಫೆನ್‌ಹೈಡ್ರಮೈನ್, ಕ್ಲೋರ್‌ಫೆನಿರಮೈನ್, ಪ್ರೊಮೆಥಾಜಿನ್ ಥರದ ಔಷಧಿ ಇರುತ್ತದೆ. ಇವು ನಿದ್ದೆ ಬರಿಸುವುದು ನಿಜ. ಆದರೆ ಪುಟ್ಟ ಮಕ್ಕಳಲ್ಲಿ ಉಸಿರಾಟವನ್ನೂ ಮಂದ ಮಾಡಬಲ್ಲವು. ಪ್ರೊಮೆಥಾಜಿನ್ ಕೊಟ್ಟ ಮೇಲೆ ಉಸಿರು ನಿಂತು ಮಕ್ಕಳು ಸತ್ತ ಪ್ರಕರಣಗಳಿವೆ. ಅದಕ್ಕೇ 2 ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಅದರ ಮೇಲೆ ಹಾಕಿಸಿದೆ. ವಿಮಾನದೊಳಗೆ ಮೊದಲೇ ಆಮ್ಲಜನಕ ಸ್ವಲ್ಪ ಕಡಿಮೆ. ಅಂಥಲ್ಲಿ ಉಸಿರು ಮಂದ ಮಾಡುವ ಔಷಧಿ ಕೊಟ್ಟು, ಕತ್ತಲಲ್ಲಿ, ಮಗು ಮಲಗಿದೆ ಅಂತ ನೆಮ್ಮದಿಯಾಗಿ ಕೂರುವುದನ್ನು ನಾನಂತೂ ಯೋಚಿಸಲಾರೆ. ಇದು ಸಾಲದು ಅಂತ, ಕೆಲವು ಮಕ್ಕಳಲ್ಲಿ ಈ ಔಷಧಿ ಉಲ್ಟಾ ಹೊಡೆಯುತ್ತದೆ. ನಿದ್ದೆ ಬರುವ ಬದಲು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಗಂಟೆಗಟ್ಟಲೆ ರಚ್ಚೆ ಹಿಡಿಯುತ್ತವೆ. ಯಾವ ಮಗು ಹಾಗೆ ಮಾಡುತ್ತದೆ ಅಂತ ಮುಂಚೆಯೇ ಹೇಳಲು ಬರುವುದಿಲ್ಲ.

5 ತಿಂಗಳು ತುಂಬ ಚಿಕ್ಕ ವಯಸ್ಸಲ್ವಾ ಅನ್ನುವ ಅಳುಕೂ ನಿಮಗೆ ಇರಬಹುದು. ನನ್ನನ್ನು ಕೇಳಿದರೆ ದೂರದ ಹಾರಾಟಕ್ಕೆ ಇದು ಒಳ್ಳೆಯ ವಯಸ್ಸು. ಹುಟ್ಟಿದ ಮೊದಲ ವಾರಗಳ ಸೂಕ್ಷ್ಮ ದಾಟಿದೆ. ಕುತ್ತಿಗೆ ನಿಂತಿದೆ. ಊಟದ ಡಬ್ಬಿಗಳ ರಗಳೆ ಇನ್ನೂ ಶುರುವಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಟ್ಟ ಜಾಗದಲ್ಲಿ ಇರುತ್ತಾಳೆ. ಅಂಬೆಗಾಲಿಡುವ, ನಡೆಯಲು ಹಟ ಮಾಡುವ ಮಗುವನ್ನು 14 ಗಂಟೆ ಹಿಡಿದಿಟ್ಟುಕೊಂಡವರನ್ನು ಕೇಳಿ ನೋಡಿ, ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ.

ವಿಮಾನದೊಳಗಿನ ಗಾಳಿಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಕಿವಿ, ಹೊಟ್ಟೆ, ಹಾಲಿನ ಬಾಟಲಿ, ಎಲ್ಲದರ ಮೂಲ ಅಲ್ಲೇ ಇದೆ. ವಿಮಾನ 35,000 ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. 8,000 ಅಡಿ ಲೆಕ್ಕ ಹಿಡಿದರೆ, ಸಮುದ್ರಮಟ್ಟದಲ್ಲಿ ಶೇ 21ರ ಬದಲು ಶೇ 15ರಷ್ಟು ಆಮ್ಲಜನಕ ಇರುವ ಗಾಳಿ ಉಸಿರಾಡಿದ ಹಾಗೆ. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ಒತ್ತಡವನ್ನು 6,000 ಅಡಿಯ ಆಸುಪಾಸಿನಲ್ಲಿ ಇಡುತ್ತಾರೆ. ಆರೋಗ್ಯವಾಗಿರುವ ಮಗು ಎರಡನ್ನೂ ಸಲೀಸಾಗಿ ತಾಳಿಕೊಳ್ಳುತ್ತದೆ.

ಆದರೆ ಕೆಲವು ಮಕ್ಕಳ ಲೆಕ್ಕ ಬೇರೆ. ದಿನ ತುಂಬುವ ಮೊದಲೇ ಹುಟ್ಟಿ ಆಮ್ಲಜನಕದ ಆಸರೆಯಲ್ಲಿದ್ದ ಮಗು, ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇರುವ ಮಗು, ರಕ್ತ ತೀರಾ ಕಡಿಮೆ ಇರುವ ಮಗು. ಇವರನ್ನು ಟಿಕೆಟ್ ಮಾಡಿಸುವ ಮೊದಲೇ ವೈದ್ಯರಿಗೆ ತೋರಿಸಬೇಕು. ಬೇಕಿದ್ದರೆ ಶೇ 15ರ ಆಮ್ಲಜನಕವನ್ನು ಆಸ್ಪತ್ರೆಯಲ್ಲೇ ಸ್ವಲ್ಪ ಹೊತ್ತು ಉಸಿರಾಡಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡುವ ಪರೀಕ್ಷೆಯೂ ಇದೆ. ನಿಮ್ಮ ಮಗಳಿಗೆ ಇದ್ಯಾವುದೂ ಇಲ್ಲ ಅಂದುಕೊಂಡು ಮುಂದುವರಿಯುತ್ತೇನೆ. ಹೊರಡುವ ವಾರದಲ್ಲಿ ಜ್ವರ, ಉಬ್ಬಸ, ಕಿವಿ ಸೋಂಕು ಕಾಣಿಸಿದರೆ ಮಾತ್ರ ಸುಮ್ನೆ ಧೈರ್ಯ ಮಾಡಬೇಡಿ, ಒಮ್ಮೆ ತೋರಿಸಿಕೊಂಡು ಹೋಗಿ.

ಈಗ ಕಿವಿ. ಎಲ್ಲರೂ ಟೇಕಾಫ್‌ಗೆ ಹೆದರುತ್ತಾರೆ. ಕಷ್ಟ ಇರುವುದು ಇಳಿಯುವಾಗ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಗೂಡಿದೆ. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಸಣ್ಣ ನಾಳ ಹೋಗುತ್ತದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಆ ನಾಳದಿಂದ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು. ಆದರೆ ನಾಳ ಮುಚ್ಚಿಕೊಂಡಿರುತ್ತದೆ, ನುಂಗಿದಾಗ ಮಾತ್ರ ತೆರೆಯುತ್ತದೆ. ಹಾರಾಟದ ಮಧ್ಯೆ ಖಾಲಿ ಮಾಡಿ ಬಿಗಿಯಾಗಿ ಮುಚ್ಚಿಟ್ಟ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ನೆಲಕ್ಕಿಳಿದ ಮೇಲೆ ನೋಡಿ, ಹೊಟ್ಟೆ ಒಳಗೆ ಹೋಗಿ ಚಪ್ಪಟೆಯಾಗಿರುತ್ತದೆ. ನಾಳ ತೆರೆಯದಿದ್ದರೆ ಕಿವಿತಮಟೆಯನ್ನೂ ಅದೇ ಒತ್ತಡ ಒಳಕ್ಕೆ ಎಳೆಯುತ್ತದೆ. ನೋವು ಬರುವುದು ಹಾಗೆ. ಮಕ್ಕಳಲ್ಲಿ ಆ ನಾಳ ಇನ್ನೂ ಕಿರಿದು, ಮೂಗು ಕಟ್ಟಿದ್ದರಂತೂ ಇನ್ನಷ್ಟು ಬಿಗಿ.

ಹಾಗಾಗಿ ಇಳಿಯುವಾಗ ಅವಳು ನುಂಗುತ್ತಿರಬೇಕು, ಅಷ್ಟೇ. ಎದೆಹಾಲು, ಬಾಟಲಿ, ಅಭ್ಯಾಸ ಇದ್ದರೆ ಚೀಪುವ ನಿಪ್ಪಲ್, ಏನೂ ಇಲ್ಲದಿದ್ದರೆ ತೊಳೆದ ಕೈಬೆರಳು, ಯಾವುದಾದರೂ ನಡೆಯುತ್ತದೆ. ತೊಡಕು ಇರುವುದು ಸಮಯದಲ್ಲಿ. "ಸೀಟ್ ಬೆಲ್ಟ್ ಹಾಕಿಕೊಳ್ಳಿ" ಅಂತ ಕೊನೆಗೆ ಕೂಗಿ ಹೇಳುವಾಗ ಹಾಲು ಕುಡಿಸಲು ಹೊರಡುತ್ತಾರೆ. ಅಷ್ಟರಲ್ಲಿ ಅರ್ಧ ಇಳಿದಾಗಿರುತ್ತದೆ. ವಿಮಾನ ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಇಳಿಯಲು ಶುರು ಮಾಡಿರುತ್ತದೆ. "ಇಳಿಯೋಕೆ ಶುರುವಾದ ತಕ್ಷಣ ನನಗೊಂದು ಮಾತು ಹೇಳಿ" ಅಂತ ಸಿಬ್ಬಂದಿಗೆ ಮೊದಲೇ ಹೇಳಿಟ್ಟಿರಿ. ಮುಂದಿನ ಪರದೆಯಲ್ಲಿ ನಕ್ಷೆ ಬರುತ್ತಿದ್ದರೆ ಅದರಲ್ಲಿ ಎತ್ತರ ಕಡಿಮೆಯಾಗುವುದೂ ಕಾಣುತ್ತದೆ.

ಇನ್ನೊಂದು ತೊಡಕು, ಅರ್ಧ ಗಂಟೆ ಪೂರ್ತಿ ಯಾವ ಮಗು ಹಾಲು ಕುಡಿಯುತ್ತದೆ? 10 ನಿಮಿಷಕ್ಕೆ ಹೊಟ್ಟೆ ತುಂಬಿರುತ್ತದೆ. ಅದಕ್ಕೆ ಇಳಿಯುವ ಹೊತ್ತಿಗೆ ಅವಳಿಗೆ ಸ್ವಲ್ಪ ಹಸಿವು ಉಳಿದಿರುವಂತೆ ಅದಕ್ಕಿಂತ ಹಿಂದಿನ ಹಾಲಿನ ಸಮಯ ನೋಡಿಕೊಳ್ಳಿ. ಒಂದೇ ಸಲ ಕುಡಿಸದೆ, ನಾಲ್ಕು ಗುಟುಕು ಕೊಟ್ಟು, ಬಿಡಿಸಿ, ಮಾತಾಡಿಸಿ, ಮತ್ತೆ ಕೊಡಿ. ಎದೆಹಾಲಾದರೆ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ತಲೆ ಮೇಲಿರುವಂತೆ ಹಿಡಿದುಕೊಳ್ಳಿ. ಟೇಕಾಫ್ ವೇಳೆ ನಿದ್ದೆ ಮಾಡುತ್ತಿದ್ದರೆ ಎಬ್ಬಿಸುವ ಅಗತ್ಯವಿಲ್ಲ. ಇಳಿಯುವಾಗ ಮಾತ್ರ ಎಬ್ಬಿಸಿದರೆ ಒಳ್ಳೆಯದು, ನಿದ್ದೆಯಲ್ಲಿ ನುಂಗುವುದು ಕಡಿಮೆ.

ಏನೂ ಬೇಡ ಅಂತ ಹಟ ಹಿಡಿದು ಅತ್ತಳು ಅಂದುಕೊಳ್ಳಿ. ಅಳುವಾಗಲೂ ಆ ನಾಳ ತೆರೆಯುತ್ತದೆ. ಕೇಳುವವರಿಗೆ ಕಷ್ಟ, ಕಿವಿಗೆ ಒಳ್ಳೆಯದೇ. ಹತ್ತಿ ತುರುಕುವುದರಿಂದ ಶಬ್ದ ಕಡಿಮೆಯಾಗಬಹುದು, ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಶೀತವಾಗಿದ್ದರೆ ಇಳಿಯುವ ಮೊದಲು ಬರೀ ಉಪ್ಪುನೀರಿನ ಮೂಗಿನ ಹನಿ ಹಾಕಿ. ಮೂಗು ಬಿಡಿಸುವ ಔಷಧಿಯ ಹನಿ ಈ ವಯಸ್ಸಿಗೆ ಬೇಡ. ಪ್ಯಾರಾಸಿಟಮಾಲ್ ಬೇಕಾದೀತು ಅನ್ನಿಸಿದರೆ ಅವಳ ತೂಕಕ್ಕೆ ಎಷ್ಟು ಅಂತ ವೈದ್ಯರ ಹತ್ತಿರ ಬರೆಸಿಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಅದು ನೋವಿಗೆ, ಜ್ವರಕ್ಕೆ. ನಿದ್ದೆಗಲ್ಲ.

ಅದೇ ಗಾಳಿ ಹೊಟ್ಟೆಯಲ್ಲೂ ಹಿಗ್ಗುತ್ತದೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು. ಹತ್ತುವ ಮೊದಲು ಕುಡಿಸಿದರೆ ಚೆನ್ನಾಗಿ ತೇಗಿಸಿ. ಮೇಲೆ ಹೋದ ಮೇಲೆ ಸುಮ್ಮಸುಮ್ಮನೆ ಕಾಲು ಮಡಚಿಕೊಂಡು ಅತ್ತರೆ ಹೆಗಲ ಮೇಲೆ ಹಾಕಿಕೊಂಡು ಇನ್ನೊಮ್ಮೆ ತೇಗಿಸಿ. ನೆಲದ ಮೇಲೆ ಮುಚ್ಚಿದ ಹಾಲಿನ ಬಾಟಲಿಯಲ್ಲೂ ಇದೇ ಕಥೆ. ಮೇಲೆ ಹೋದ ಮೇಲೆ ನೇರವಾಗಿ ಬಾಯಿಗೆ ಇಟ್ಟರೆ ನಿಪ್ಪಲಿನಿಂದ ಹಾಲು ಚಿಮ್ಮಿ ಮಗು ಕೆಮ್ಮುತ್ತದೆ. ಬಾಟಲಿ ನೆಟ್ಟಗೆ ಹಿಡಿದು, ಬಟ್ಟೆ ಸುತ್ತಿ, ಮುಚ್ಚಳದ ತಿರುಪನ್ನು ಒಂದು ಸುತ್ತು ಸಡಿಲಿಸಿ. "ಪುಸ್" ಅಂತ ಗಾಳಿ ಹೋದ ಮೇಲೆ ಮತ್ತೆ ಬಿಗಿ ಮಾಡಿ ಕುಡಿಸಿ.

ಸೀಟಿನ ವಿಷಯಕ್ಕೆ ಬರೋಣ. ಇದನ್ನು ಇವತ್ತೇ ಮಾಡಬೇಕು. 2 ವರ್ಷದೊಳಗಿನ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಲು ವಿಮಾನ ಸಂಸ್ಥೆಗಳು ಬಿಡುತ್ತವೆ, ದೇಶ ದಾಟುವ ಹಾರಾಟದಲ್ಲಿ ಅದಕ್ಕೆ ದೊಡ್ಡವರ ದರದ ಸುಮಾರು ಶೇ 10 ತೆಗೆದುಕೊಳ್ಳುವುದು ರೂಢಿ. ಸಾಲಿನ ಮುಂದೆ ಗೋಡೆ ಇರುವ ಸೀಟಿನಲ್ಲಿ ಆ ಗೋಡೆಗೆ ತಗುಲಿಸುವ ಸಣ್ಣ ತೊಟ್ಟಿಲು, ಅದೇ ಬ್ಯಾಸಿನೆಟ್, ಸಿಗುತ್ತದೆ. ಅವು ವಿಮಾನಕ್ಕೆ ಕೆಲವೇ ಇರುತ್ತವೆ. ತೂಕಕ್ಕೆ, ಉದ್ದಕ್ಕೆ ಮಿತಿ ಇದೆ. ಬಹಳ ಕಡೆ 10-11 ಕಿಲೋ, ಒಂದೊಂದು ಸಂಸ್ಥೆಗೆ ಒಂದೊಂದು ಥರ. ಈಗಲೇ ಫೋನ್ ಮಾಡಿ ಎರಡೂ ಹಾರಾಟಕ್ಕೆ ಕಾಯ್ದಿರಿಸಿ. ಚೆಕ್-ಇನ್ ಕೌಂಟರಿನಲ್ಲಿ ಮತ್ತೊಮ್ಮೆ ಕೇಳಿ. ಕೊಡುತ್ತೇವೆ ಅಂದಿದ್ದು ಅಲ್ಲಿಗೆ ಹೋದಾಗ ಇಲ್ಲ ಅನ್ನುವುದೂ ಉಂಟು.

ಬ್ಯಾಸಿನೆಟ್ ಸಿಕ್ಕಿತು, ಇನ್ನು 8 ಗಂಟೆ ನಿದ್ದೆ ಅಂದುಕೊಳ್ಳಬೇಡಿ. ಟೇಕಾಫ್, ಲ್ಯಾಂಡಿಂಗ್ ವೇಳೆ ಅದರಲ್ಲಿ ಮಲಗಿಸುವಂತಿಲ್ಲ. ವಿಮಾನ ಕುಲುಕಿ ಸೀಟ್ ಬೆಲ್ಟ್ ದೀಪ ಹತ್ತಿದಾಗಲೂ ಮಗುವನ್ನು ಎತ್ತಿಕೊಳ್ಳಿ ಅನ್ನುತ್ತಾರೆ, ಆಗ ತಾನೇ ಮಲಗಿದ್ದರೂ ಸರಿ. ಸಿಟ್ಟು ಬರುತ್ತದೆ, ಆದರೆ ಅವರು ಹೇಳುವುದು ಸರಿ. ಆ ಸೀಟುಗಳ ಕೈಯಾಸರೆ ಮೇಲಕ್ಕೆ ಎತ್ತಲು ಬರುವುದಿಲ್ಲ, ಮುಂದೆ ಸೀಟಿಲ್ಲದ ಕಾರಣ ಬ್ಯಾಗನ್ನು ಕಾಲ ಬಳಿ ಇಡುವ ಹಾಗೂ ಇಲ್ಲ. ಇಷ್ಟೆಲ್ಲ ಇದ್ದರೂ ಒಬ್ಬರೇ ಹೋಗುವ ನಿಮಗೆ ನಾನು ಅದನ್ನೇ ಹೇಳುವುದು. ನೀವು ಎರಡೂ ಕೈ ಬಿಟ್ಟು ಊಟ ಮಾಡಲಾದರೂ ಒಂದು ಜಾಗ ಬೇಕಲ್ಲ.

ತೊಡೆ ಮೇಲೆ ಕೂರಿಸುವುದು ಎಷ್ಟು ಸುರಕ್ಷಿತ? ಇದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ಕೆಟ್ಟು, ಇಳಿಯುವಾಗ ಮುರಿದುಬಿತ್ತು. ಅದರಲ್ಲಿ ಸ್ವಂತ ಸೀಟಿಲ್ಲದ 4 ಮಕ್ಕಳಿದ್ದರು. ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಗಟ್ಟಿಯಾಗಿ ಹಿಡಿದುಕೊಳ್ಳಿ ಅನ್ನುವುದೇ ಆಗಿನ ಸೂಚನೆ. ಒಂದು ಮಗು ಉಳಿಯಲಿಲ್ಲ. ಪ್ರತಿ ಮಗುವಿಗೂ ಸೀಟು, ಬೆಲ್ಟು ಬೇಕು ಅಂತ ಆ ದೇಶದ ಅಪಘಾತ ತನಿಖಾ ಮಂಡಳಿ ಆಮೇಲೆ ಮತ್ತೆ ಮತ್ತೆ ಹೇಳಿದೆ. ವಿಮಾನಯಾನ ನಿಯಂತ್ರಕರು ಕಡ್ಡಾಯ ಮಾಡಲಿಲ್ಲ. ಸೀಟಿನ ದುಡ್ಡು ಉಳಿಸಲು ಜನ ಕಾರು ಹತ್ತುತ್ತಾರೆ, ರಸ್ತೆಯಲ್ಲಿ ಸಾವು ಇನ್ನೂ ಜಾಸ್ತಿ ಅನ್ನುವುದು ಅವರ ವಾದ. ಸಮುದ್ರ ದಾಟುವವರಿಗೆ ಆ ವಾದ ಅನ್ವಯಿಸುವುದಿಲ್ಲ ಅನ್ನುವುದು ಬೇರೆ ಮಾತು.

ಅಪಘಾತ ಅಪರೂಪ. ದಿನನಿತ್ಯದ ಅಪಾಯ ವಿಮಾನ ಇದ್ದಕ್ಕಿದ್ದಂತೆ ಕುಲುಕುವುದು. ಆಗ ಯಾರ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು. ದುಡ್ಡಿನ ಅನುಕೂಲ ಇದ್ದರೆ ಅವಳಿಗೊಂದು ಸೀಟು ತೆಗೆದುಕೊಂಡು, ವಿಮಾನಕ್ಕೆ ಒಪ್ಪಿಗೆ ಇರುವ ಕಾರ್ ಸೀಟ್ ಕಟ್ಟುವುದೇ ಎಲ್ಲಕ್ಕಿಂತ ಒಳ್ಳೆಯದು. ಆ ಒಪ್ಪಿಗೆ ಸೀಟಿನ ಮೇಲಿನ ಚೀಟಿಯಲ್ಲೇ ಬರೆದಿರುತ್ತದೆ. ಅನುಕೂಲ ಇಲ್ಲದಿದ್ದರೆ ಅಪರಾಧಿ ಭಾವ ಬೇಡ, ಬಹುತೇಕ ಎಲ್ಲರೂ ತೊಡೆ ಮೇಲೇ ಕರೆದುಕೊಂಡು ಹೋಗುತ್ತಾರೆ. ನಿಮ್ಮ ಬೆಲ್ಟಿಗೆ ಸೇರಿಸಿ ಮಗುವಿಗೆ ಕಟ್ಟುವ ಸಣ್ಣ ಬೆಲ್ಟನ್ನು ಯುರೋಪಿನ ಸಂಸ್ಥೆಗಳು ಕೊಡುತ್ತವೆ, ಅಮೆರಿಕದ ಸಂಸ್ಥೆಗಳಲ್ಲಿ ಅದಕ್ಕೆ ಅನುಮತಿ ಇಲ್ಲ. ನಿಮ್ಮ ವಿಮಾನದಲ್ಲಿ ಯಾವ ಪದ್ಧತಿಯೋ ಅದನ್ನು ಪಾಲಿಸಿ. ಒಂದು ಮಾತ್ರ ಯಾವತ್ತೂ ಮಾಡಬೇಡಿ: ನಿಮ್ಮ ಬೆಲ್ಟಿನ ಒಳಗೇ ಮಗುವನ್ನೂ ಸೇರಿಸಿ ಕಟ್ಟಬೇಡಿ. ಜೋರಾಗಿ ಬ್ರೇಕ್ ಬಿದ್ದರೆ ನಿಮ್ಮ ಇಡೀ ಭಾರ ಅವಳ ಮೇಲೆ ಬೀಳುತ್ತದೆ.

ತುರ್ತು ವೇಳೆ ಮೇಲಿನಿಂದ ಇಳಿಯುವ ಆಮ್ಲಜನಕದ ಮಾಸ್ಕ್, ಒಂದು ಸಾಲಿನ ಒಂದು ಬದಿಯಲ್ಲಿ ಸೀಟುಗಳಿಗಿಂತ ಸಾಮಾನ್ಯವಾಗಿ ಒಂದೇ ಒಂದು ಹೆಚ್ಚಿಗೆ ಇರುತ್ತದೆ. ಇನ್ನೊಂದು ಪುಟ್ಟ ಮಗು ಪಕ್ಕದಲ್ಲೇ ಬಂದು ಕೂತರೆ ಸಿಬ್ಬಂದಿ ಒಬ್ಬರನ್ನು ಎಬ್ಬಿಸಿ ಬೇರೆ ಕಡೆ ಕಳಿಸುವುದು ಅದಕ್ಕೇ. ಮಗುವನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಬೇಡಿ ಅನ್ನುವುದಕ್ಕೂ ಅದೇ ಕಾರಣ, ಮಾಸ್ಕ್ ಅಲ್ಲಿಯವರೆಗೆ ಬರುವುದಿಲ್ಲ.

ನಿದ್ದೆಯ ವಿಷಯದಲ್ಲಿ ನನಗೆ ಅವಳಿಗಿಂತ ನಿಮ್ಮ ಚಿಂತೆ ಜಾಸ್ತಿ. ವಿಮಾನದ ಒಂದೇ ಸಮನೆ ಗುಂಯ್‌ಗುಡುವ ಶಬ್ದಕ್ಕೆ ಎಷ್ಟೋ ಮಕ್ಕಳು ಮನೆಗಿಂತ ಚೆನ್ನಾಗಿ ಮಲಗುತ್ತವೆ. ಅಪಾಯ ಇರುವುದು ತಾಯಿ ತೂಕಡಿಸುವಾಗ. ದೀಪ ಆರಿದೆ, ಹೊದಿಕೆ ಹೊದ್ದಿದ್ದೀರಿ, ಮಗು ಎದೆಗೆ ಒರಗಿದೆ, ಹಾಲು ಕುಡಿಯುತ್ತಾ ಮಲಗಿದೆ, ನಿಮಗೂ ಕಣ್ಣು ಎಳೆಯುತ್ತಿದೆ. ಮಗು ಮೆಲ್ಲಗೆ ಜಾರಿ ನಿಮ್ಮ ಮೈಗೂ ಕೈಯಾಸರೆಗೂ ನಡುವೆ ಸಿಕ್ಕಿಕೊಂಡರೆ ಮೂಗು ಮುಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ಎಳೆಯುತ್ತಿದೆ ಅನ್ನಿಸಿದ ಕೂಡಲೇ ಅವಳನ್ನು ಬ್ಯಾಸಿನೆಟ್ಟಿಗೆ ಹಾಕಿ. ಅಂಗಾತ ಮಲಗಿಸಿ, ಮುಖದ ಹತ್ತಿರ ಬಟ್ಟೆ, ದಿಂಬು ಏನೂ ಬೇಡ. ಬ್ಯಾಸಿನೆಟ್ ಇಲ್ಲದಿದ್ದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಪರವಾಗಿಲ್ಲ, ಆದರೆ ನೀವು ಎಚ್ಚರ ಇರುವಾಗ ಮಾತ್ರ. ಮುಖ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿಕೊಂಡಿರಬಾರದು. ಟೇಕಾಫ್, ಲ್ಯಾಂಡಿಂಗ್‌ಗೆ ಅದನ್ನು ಬಿಚ್ಚಿಸುತ್ತಾರೆ. ವಿಮಾನದಲ್ಲಿ ಒಮ್ಮೆ ಚಳಿ, ಒಮ್ಮೆ ಸೆಕೆ. ಒಂದು ದಪ್ಪ ಬಟ್ಟೆಗಿಂತ ತೆಳು ಬಟ್ಟೆ ಎರಡು ಮೂರು ಪದರ ಹಾಕಿದರೆ ತೆಗೆದು ಹಾಕಲು ಸುಲಭ.

ಹಾಲಿನ ಲೆಕ್ಕ ಹೀಗಿದೆ. ಎದೆಹಾಲಿಗೆ ತಯಾರಿ ಬೇಡ, ಕೇಳಿದಾಗಲೆಲ್ಲ ಕೊಡಿ. ಒಳಗಿನ ಗಾಳಿಯ ತೇವ ಶೇ 10ರಿಂದ 20 ಅಷ್ಟೇ, ಬಾಯಿ ಒಣಗುತ್ತದೆ. ಹಾಗಂತ 6 ತಿಂಗಳೊಳಗಿನ ಮಗುವಿಗೆ ನೀರು ಕುಡಿಸಬೇಡಿ. ಒಂದೆರಡು ಸಲ ಜಾಸ್ತಿ ಹಾಲು ಕೊಟ್ಟರೆ ಸಾಕು. ಡೈಪರ್ ಎಂದಿನಂತೆ ಒದ್ದೆಯಾಗುತ್ತಿದ್ದರೆ ನೀರಿನಂಶದ ಚಿಂತೆ ಬೇಡ. ನೀರು ಬೇಕಿರುವುದು ನಿಮಗೆ, ಹಾಲು ಕುಡಿಸುವವರಿಗೆ ದಾಹ ಜಾಸ್ತಿ. ತಳ್ಳುಗಾಡಿ ಬರಲಿ ಅಂತ ಕಾಯಬೇಡಿ, ಕೇಳಿ ತರಿಸಿಕೊಳ್ಳಿ.

ಫಾರ್ಮುಲಾ ಹಾಲಿನದು ಸ್ವಲ್ಪ ರಗಳೆ. ಪುಡಿಯಲ್ಲಿ ರೋಗಾಣು ಇರಬಹುದು. ಅದಕ್ಕೇ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ನೀರಿನಲ್ಲಿ ಕಲಸಿ, ತಣಿಸಿ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಲಸಿದ ಹಾಲು ಹೊರಗಿಟ್ಟರೆ 2 ಗಂಟೆ, ಮಗು ಬಾಯಿ ಹಾಕಿದ ಮೇಲೆ 1 ಗಂಟೆ, ಅಷ್ಟೇ. ಹಾಗಾಗಿ ಮನೆಯಲ್ಲೇ ನಾಲ್ಕು ಬಾಟಲಿ ಕಲಸಿ ಹೊರಡುವ ಹಾಗಿಲ್ಲ. ಒಂದೊಂದು ಸಲಕ್ಕೆ ಬೇಕಾದಷ್ಟು ಪುಡಿಯನ್ನು ಅಳೆದು ಸಣ್ಣ ಡಬ್ಬಿಗಳಲ್ಲಿ ತುಂಬಿಕೊಳ್ಳಿ. ಕುದಿಸಿದ ನೀರು ಒಳ್ಳೆಯ ಫ್ಲಾಸ್ಕಿನಲ್ಲಿರಲಿ. ವಿಮಾನದಲ್ಲಿ ಕೊಡುವ ಬಿಸಿನೀರು ಅವರ ಟ್ಯಾಂಕಿನದು, ಅದರಲ್ಲಿ ಹಾಲು ಕಲಸುವುದು ಬೇಡ. ಆ ನೀರಿನಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಈ ಎಲ್ಲ ತಾಪತ್ರಯ ಬೇಡ ಅಂದರೆ ಕಲಸಿ ಸೀಲ್ ಮಾಡಿದ ರೆಡಿ ಫಾರ್ಮುಲಾ ಸಿಗುತ್ತದೆ. ಸಿಕ್ಕರೆ ಪ್ರಯಾಣಕ್ಕೆ ಅದೇ ಸರಿ. ಆದರೆ ಮನೆಯಲ್ಲಿ ಎರಡು ದಿನ ಕುಡಿಸಿ ನೋಡಿ, ಅವಳು ಒಪ್ಪದಿದ್ದರೆ ಮೇಲೆ ಹೋಗಿ ಏನು ಮಾಡುತ್ತೀರಿ? ಎಷ್ಟು ಬೇಕೋ ಅದಕ್ಕಿಂತ ಅರ್ಧದಷ್ಟು ಜಾಸ್ತಿ ಒಯ್ಯಿರಿ, ವಿಮಾನ ತಡವಾಗುವುದು ಇದ್ದದ್ದೇ.

ತಪಾಸಣೆಯಲ್ಲಿ ಇದನ್ನೆಲ್ಲ ಕಿತ್ತುಕೊಳ್ಳುತ್ತಾರಾ? ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಜಾಸ್ತಿ ದ್ರವ ಬೇಡ ಅನ್ನುವ ನಿಯಮ 2006ರಲ್ಲಿ ಬಂತು. ಮಗುವಿನ ಹಾಲಿಗೆ, ಹಿಂಡಿಟ್ಟ ಎದೆಹಾಲಿಗೆ, ಪ್ರಯಾಣಕ್ಕೆ ಬೇಕಾದಷ್ಟು, ವಿನಾಯಿತಿ ಇದೆ. ಅವರು ಹುಡುಕಿ ತೆಗೆಯುವ ಮೊದಲು ನೀವೇ ಬ್ಯಾಗಿನಿಂದ ಹೊರಗಿಟ್ಟು "ಮಗುವಿನ ಹಾಲು" ಅಂತ ಹೇಳಿ. ನಡುವೆ ಇಳಿಯುವ ಊರಿನಲ್ಲಿ ಮತ್ತೊಂದು ತಪಾಸಣೆ ಇರಬಹುದು, ಫ್ಲಾಸ್ಕಿನ ನೀರು ಅಲ್ಲಿ ಚೆಲ್ಲಿಸಿದರೂ ಆಶ್ಚರ್ಯವಿಲ್ಲ. ಪರ್ಯಾಯ ಯೋಚಿಸಿಟ್ಟಿರಿ.

ಡೈಪರ್ ಗಂಟೆಗೊಂದರಂತೆ ಲೆಕ್ಕ ಹಾಕಿ ಒಯ್ಯಿರಿ, ಉಳಿದರೆ ಉಳಿಯಲಿ. ಶೌಚಾಲಯದಲ್ಲಿ ಕಮೋಡಿನ ಮೇಲೆ ಗೋಡೆಯಿಂದ ಮಡಚಿ ಇಳಿಸುವ ಹಲಗೆ ಇರುತ್ತದೆ, ಎಲ್ಲದರಲ್ಲೂ ಅಲ್ಲ, ಯಾವುದರಲ್ಲಿ ಅಂತ ಕೇಳಿಕೊಳ್ಳಿ. ಅಲ್ಲಿ ದೊಡ್ಡ ಬ್ಯಾಗ್ ಇಡಲು ಜಾಗವೇ ಇಲ್ಲ. ಒಂದು ಡೈಪರ್, ನಾಲ್ಕು ಒದ್ದೆ ಟಿಶ್ಯೂ, ಒಂದು ಖಾಲಿ ಪ್ಲಾಸ್ಟಿಕ್ ಚೀಲ, ಇಷ್ಟನ್ನು ಸೇರಿಸಿ ಸಣ್ಣ ಪೊಟ್ಟಣಗಳನ್ನು ಮನೆಯಲ್ಲೇ ಮಾಡಿಟ್ಟುಕೊಂಡರೆ ಪ್ರತಿಸಲ ಒಂದು ಪೊಟ್ಟಣ ಕೈಯಲ್ಲಿ ಹಿಡಿದು ಹೋದರಾಯಿತು. ಅವಳಿಗೆ ಮೂರು ಜೊತೆ ಬಟ್ಟೆ. ನಿಮಗೂ ಒಂದು ಜೊತೆ ಇರಲಿ. ಇದನ್ನೇ ಎಲ್ಲರೂ ಮರೆಯುವುದು. ಮಗು ಕಕ್ಕುವುದು ತನ್ನ ಮೇಲಲ್ಲ, ನಿಮ್ಮ ಮೇಲೆ.

ಸುತ್ತಮುತ್ತಲಿನವರ ಬಗ್ಗೆ ಕೇಳಿದ್ದೀರಿ. ಚಾಕಲೇಟು, ಕಿವಿಗೆ ಇಡುವ ಬಿರಡೆ, ಕ್ಷಮೆ ಕೇಳುವ ಚೀಟಿ ಹಂಚುವ ಫ್ಯಾಷನ್ ಒಂದಿದೆ. ನನಗೆ ಅದು ಹಿಡಿಸುವುದಿಲ್ಲ. ಮಗು ಅಳುವುದು ತಪ್ಪಲ್ಲ, ಅದಕ್ಕೆ ಮುಂಗಡ ದಂಡ ಕಟ್ಟಬೇಕಿಲ್ಲ. ನೀವು ಏನಾದರೂ ಮಾಡುತ್ತಿದ್ದೀರಿ ಅಂತ ಕಂಡರೆ ಸಾಕು, ಬಹಳ ಜನ ಅರ್ಥ ಮಾಡಿಕೊಳ್ಳುತ್ತಾರೆ. ಎತ್ತಿಕೊಂಡು ಹಿಂದಿನ ಕಿಚನ್ ಹತ್ತಿರ ಹೋಗಿ ನಿಲ್ಲಿ. ಅಲ್ಲಿ ಬೆಳಕಿದೆ, ಓಡಾಡುವ ಜನ ಇದ್ದಾರೆ, ಅವಳಿಗೆ ನೋಡಲು ಏನಾದರೂ ಸಿಗುತ್ತದೆ. ಅವಳು ಮಲಗಿದಾಗ ನೀವು ಸಿನಿಮಾ ಹಾಕಬೇಡಿ. ಮೊದಲು ಶೌಚಾಲಯ, ಆಮೇಲೆ ಊಟ, ಆಮೇಲೆ ನಿದ್ದೆ. ಊಟದ ತಟ್ಟೆ ಬರುವ ಹೊತ್ತಿಗೇ ಅವಳು ಎಚ್ಚರವಾದರೆ, "ನನಗೆ ಆಮೇಲೆ ಕೊಡಿ" ಅಂತ ಹೇಳಿ, ತೆಗೆದಿಡುತ್ತಾರೆ.

ನಿಮ್ಮ ಕಾಲುಗಳನ್ನೂ ಮರೆಯಬೇಡಿ. ಹೆರಿಗೆಯಾದ ಮೊದಲ 6 ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಆ ಅವಧಿಯಲ್ಲಿ ದೂರ ಹಾರಬೇಕಾದವರು, ಅದರಲ್ಲೂ ಸಿಸೇರಿಯನ್ ಆದವರು, ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು. ನೀವು ಆ ಹಂತ ದಾಟಿದ್ದೀರಿ. ಆದರೂ 14 ಗಂಟೆ ಮಗುವನ್ನು ಹೊತ್ತು ಅಲ್ಲಾಡದೆ ಕೂರಬೇಡಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ.

ಹೊರಡುವ ಮೊದಲಿನ ಕೆಲಸಗಳಲ್ಲಿ ಲಸಿಕೆ ಒಂದು. ಪಟ್ಟಿಯಲ್ಲಿ ಯಾವುದಾದರೂ ಬಾಕಿ ಇದ್ದರೆ ಈ ವಾರವೇ ಹಾಕಿಸಿ. ಹೊರಡುವ ಹಿಂದಿನ ದಿನ ಹಾಕಿಸಿದರೆ ಜ್ವರ ಬರುವುದು ವಿಮಾನದಲ್ಲೇ. ದಡಾರದ ಲಸಿಕೆಯನ್ನು ವಿದೇಶಕ್ಕೆ ಹೋಗುವ 6ರಿಂದ 11 ತಿಂಗಳ ಮಕ್ಕಳಿಗೆ ಮುಂಚಿತವಾಗಿ ಒಂದು ಡೋಸ್ ಕೊಡುವುದುಂಟು. ಅದು ಹೆಚ್ಚುವರಿ ಡೋಸ್, ಲೆಕ್ಕಕ್ಕೆ ಬರುವುದಿಲ್ಲ, ಮುಂದಿನವು ಸಮಯಕ್ಕೆ ಸರಿಯಾಗಿ ಆಗಲೇಬೇಕು. ನಿಮ್ಮ ಮಗಳು 6 ತಿಂಗಳ ಹೊಸ್ತಿಲಲ್ಲಿದ್ದಾಳೆ, ಈ ಮಾತನ್ನು ನಿಮ್ಮ ವೈದ್ಯರ ಹತ್ತಿರ ತೆಗೆಯಿರಿ. ಘನ ಆಹಾರ ಶುರು ಮಾಡುವ ಯೋಚನೆ ಇದ್ದರೆ ಹೊರಡುವ ವಾರ ಬೇಡ, ತಲುಪಿ ನೆಲೆಯಾದ ಮೇಲೆ ಮಾಡಿ. ವಿಮಾನದ ಗಾಳಿಗೆ ಹೆದರುವವರು ಬಹಳ. ದೊಡ್ಡ ವಿಮಾನಗಳಲ್ಲಿ ಆ ಗಾಳಿ ಒಳ್ಳೆಯ ಫಿಲ್ಟರಿನಿಂದ ಹಾದು ಬರುತ್ತದೆ. ಸೋಂಕು ಬರುವುದು ಹೆಚ್ಚಾಗಿ ಪಕ್ಕದಲ್ಲಿ ಕೆಮ್ಮುವವರಿಂದ, ಮುಟ್ಟುವ ಕೈಯಿಂದ. ಮುದ್ದು ಮಾಡಲು ಬರುವವರಿಗೆ ನಕ್ಕುಕೊಂಡೇ "ಕೈ ಮುಟ್ಟಬೇಡಿ" ಅನ್ನಿ. ಅವಳ ಕೈ ನೇರ ಬಾಯಿಗೆ ಹೋಗುವ ವಯಸ್ಸು ಇದು.

ಕಾಗದಪತ್ರ: ಅವಳದೇ ಪಾಸ್‌ಪೋರ್ಟ್, ಬೇಕಿದ್ದರೆ ವೀಸಾ, ಜನನ ಪ್ರಮಾಣಪತ್ರದ ಪ್ರತಿ. ತಂದೆ ಜೊತೆಗಿಲ್ಲದಿದ್ದರೆ ಅವರ ಒಪ್ಪಿಗೆ ಪತ್ರವನ್ನು ಕೆಲವು ದೇಶಗಳ ಗಡಿಯಲ್ಲಿ ಕೇಳುತ್ತಾರೆ, ಮಾಡಿಸಿಟ್ಟುಕೊಳ್ಳಿ. ಸ್ಟ್ರಾಲರನ್ನು ವಿಮಾನದ ಬಾಗಿಲಿನವರೆಗೆ ಒಯ್ಯಬಹುದು. ಆದರೆ ನಡುವೆ ಇಳಿದಾಗ ವಾಪಸ್ ಕೊಡುತ್ತಾರೋ ಅಥವಾ ಕೊನೆಯ ಊರಿನಲ್ಲೇ ಸಿಗುತ್ತದೋ ಅಂತ ಕೌಂಟರಿನಲ್ಲಿ ಕೇಳಿ. ಆ 3 ಗಂಟೆ ಕ್ಯಾರಿಯರ್ ಇಲ್ಲದೆ ಕೈಯಲ್ಲೇ ಹೊತ್ತುಕೊಂಡಿರುವುದು ಕಷ್ಟ.

ತಲುಪಿದ ಮೇಲೆ ನಾಲ್ಕಾರು ದಿನ ಹಗಲು ರಾತ್ರಿ ಅದಲುಬದಲು ಇರುತ್ತದೆ. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಪೂರ್ವಕ್ಕೆ ಹೋದರೆ ಹೊಂದಿಕೊಳ್ಳಲು ಇನ್ನೂ ಜಾಸ್ತಿ ಹೊತ್ತು. ಹಗಲು ಹೊರಗಿನ ಬೆಳಕಿಗೆ ಕರೆದುಕೊಂಡು ಹೋಗಿ. ರಾತ್ರಿ ಎದ್ದರೆ ದೀಪ ಹಾಕದೆ, ಆಟ ಆಡಿಸದೆ ಹಾಲು ಕೊಟ್ಟು ಮಲಗಿಸಿ. ನಿದ್ದೆಗೆ ಅಂತ ಕೊಡುವ ಮೆಲಟೋನಿನ್ ಈ ವಯಸ್ಸಿಗೆ ಬೇಡ. ಎರಡು ದಿನ ಕಳೆದರೂ ಕಿವಿ ಮುಟ್ಟಿದರೆ ಕಿರುಚುತ್ತಾಳೆ, ಜ್ವರ ಇದೆ, ಹಾಲು ಬಿಡುತ್ತಿದ್ದಾಳೆ ಅಂದರೆ ಅಲ್ಲಿನ ವೈದ್ಯರಿಗೆ ಕಿವಿ ತೋರಿಸಿ.

ವಾಪಸ್ ಬರುವ ಟಿಕೆಟ್ ಈಗಲೇ ಮಾಡಿಸುತ್ತಿದ್ದರೆ ಒಂದು ಮಾತು. ಆಗ ಅವಳು ಒಂದು ವರ್ಷದ ಹತ್ತಿರ ಇದ್ದರೆ ಬ್ಯಾಸಿನೆಟ್ಟಿನ ಅಳತೆ ಮೀರಿರಬಹುದು, ಅದರಲ್ಲಿ ಎದ್ದು ನಿಲ್ಲುವ ಮಗುವನ್ನು ಹೇಗೂ ಮಲಗಿಸಲಾಗದು. ಇಡುವ ದುಡ್ಡು ಒಂದೇ ಸೀಟಿಗೆ ಆಗುವುದಾದರೆ, ಅದನ್ನು ಈಗ ಹೋಗುವಾಗ ಅಲ್ಲ, ಆ ವಾಪಸ್ ಹಾರಾಟಕ್ಕೆ ಇಡಿ.